ಹಿಂದಕ್ಕೆ ಕಾಲು ಸುತ್ತು

ಹುಲಿಗೆವ್ವನ ಮನೆಯ ಯಾವ ನಳವೂ ಮೂವತ್ತೊಂದು ವರ್ಷಗಳಲ್ಲಿ ಒಂದು ದಿನವೂ ಪೂರ್ತಿ ಬಂದ್ ಆಗಿರಲಿಲ್ಲ. ಬಚ್ಚಲದ್ದು ಹನಿಯುತ್ತಿತ್ತು, ಅಡುಗೆಮನೆಯದು ಹನಿಯುತ್ತಿತ್ತು, ಅಂಗಳದ ನಳದ ಕೆಳಗೆ ವರ್ಷವಿಡೀ ಪಾಚಿ. ಅವಳ ಗಂಡ ಮಾನಪ್ಪ ನೆಲವಡಿ ಅಣು ವಿದ್ಯುತ್ ಕೇಂದ್ರದಲ್ಲಿ ಫಿಟ್ಟರುಗಳ ಮೇಸ್ತ್ರಿಯಾಗಿದ್ದು, ಆರು ವರ್ಷದ ಹಿಂದೆ ನಿವೃತ್ತನಾದವನು.

"ಪ್ಲಾಂಟಿನ ವಾಲ್ವ್ ಎಲ್ಲಾ ಬಂದ್ ಮಾಡಿದ ಮನಷ್ಯಾಗ ಮನ್ಯಾಗಿನ ಒಂದು ನಳ ಬಂದ್ ಮಾಡಾಕ ಬರೂದಿಲ್ಲ" ಎಂದು ಅವಳು ವಾರಕ್ಕೊಮ್ಮೆಯಾದರೂ ಅನ್ನುತ್ತಿದ್ದಳು.

"ಬಂದ್ ಮಾಡೇನಿ, ಹುಲಿಗಿ. ಮುಂದ ಬರೂವ್ರಿಗೆ ತೆಗಿಯಾಕ ಬರೂ ಹಂಗ ಬಿಟ್ಟೇನಿ, ಅಷ್ಟ."

ಅದು ಅವನ ಕೈಯ ಅಭ್ಯಾಸ. ತಿರುಗಿಸುವಂಥದ್ದು ಯಾವುದೇ ಇರಲಿ, ಕೈ ಬಿಡುವ ಮೊದಲು ಹಿಂದಕ್ಕೆ ಕಾಲು ಸುತ್ತು. ಕೇಂದ್ರ ಶುರುವಾದ ಕಾಲದಲ್ಲಿ ಯಾರೋ ಬಿಸಿ ಹಬೆಯ ಕೊಳವೆಯ ವಾಲ್ವನ್ನು ಬಲವಾಗಿ ಬಿಗಿದಿದ್ದರು. ಕೊಳವೆ ತಣ್ಣಗಾದ ಮೇಲೆ ಲೋಹ ಕುಗ್ಗಿ ಅದು ಕಚ್ಚಿಕೊಂಡಿತು. ಅದನ್ನು ಬಿಡಿಸಲು ಹೋದ ಜೊತೆಯ ಫಿಟ್ಟರು ದಸ್ತಗೀರನ ಬಲಗೈಯ ಎರಡು ಬೆರಳು ಸನ್ನೆಕೋಲಿನಡಿ ಸಿಕ್ಕಿ ಜಜ್ಜಿಹೋದವು. ಅಂದಿನಿಂದ ಮಾನಪ್ಪ ತನ್ನ ಕೈಕೆಳಗೆ ಬಂದ ಪ್ರತಿಯೊಬ್ಬ ಫಿಟ್ಟರಿಗೂ ಮೊದಲ ದಿನವೇ ಇದನ್ನು ಕಲಿಸಿದ. ಬಿಗಿ ಮಾಡುವುದು ಶೂರತನವಲ್ಲ, ನಿನ್ನ ಹಿಂದೆ ಬರುವವನ ಕೈ ನೆನಪಿಟ್ಟುಕೋ. ಇಪ್ಪತ್ತೇಳು ವರ್ಷಗಳಲ್ಲಿ ಇನ್ನೂರಕ್ಕೂ ಹೆಚ್ಚು ಜನರ ಮಣಿಕಟ್ಟಿಗೆ ಆ ಕಾಲು ಸುತ್ತು ಉಸಿರಾಟದಷ್ಟೇ ಸಹಜವಾಗಿತ್ತು.

ಹುಲಿಗೆವ್ವನ ಕೆಲಸ ಬೇರೆ. ಅವಳ ಅಜ್ಜಿ ಬುಟ್ಟಿಯಲ್ಲಿ ಸೂಜಿ, ಮಸಿ ಇಟ್ಟುಕೊಂಡು ಊರೂರು ತಿರುಗಿ ಹೆಂಗಸರ ಕೈಗೆ ಹಚ್ಚೆ ಹಾಕುತ್ತಿದ್ದಳು. ಮೊಮ್ಮಗಳು ಅದೇ ಕಸುಬನ್ನು ಅಣುಕೇಂದ್ರದ ಗೇಟಿನಲ್ಲಿ ಮಾಡುತ್ತಿದ್ದಳು. ಒಂದು ಕಾಲದಲ್ಲಿ ಕೆಲಸಗಾರರು ವಿಕಿರಣ ಅಳೆಯುವ ಬಿಲ್ಲೆಯನ್ನು ಎದೆಗೆ ಸಿಕ್ಕಿಸಿಕೊಳ್ಳುತ್ತಿದ್ದರು. ಮಿತಿ ಮೀರಿದವರನ್ನು ಕೆಲಸದಿಂದ ದೂರ ಇಡುತ್ತಾರೆಂದು ಕೆಲವರು ಬಿಲ್ಲೆಯನ್ನು ಊಟದ ಡಬ್ಬಿಯಲ್ಲಿ ಬಿಟ್ಟು ಒಳಗೆ ಹೋಗುತ್ತಿದ್ದರು. ಆ ಮೋಸವನ್ನು ತಡೆಯಲು ಬಂದದ್ದು ಹಚ್ಚೆ. ಬಲಮುಂಗೈಯ ಒಳಬದಿಯಲ್ಲಿ ರೂಪಾಯಿ ನಾಣ್ಯದಷ್ಟು ಅಗಲದ ಒಂದು ವೃತ್ತ. ಚರ್ಮದಡಿ ಸೇರಿಸಿದ ಆ ಬಣ್ಣದ ಹರಳುಗಳು ವಿಕಿರಣ ತಾಗಿದಷ್ಟೂ ಬಣ್ಣ ಬದಲಿಸುತ್ತವೆ, ಮತ್ತೆ ಹಿಂದಿರುಗುವುದಿಲ್ಲ. ಹಾಕಿದ ದಿನ ಅರಿಸಿನದ ಬಣ್ಣ. ಜೀವಮಾನದಲ್ಲಿ ಮೈಗೆ ತಾಗಿದ ವಿಕಿರಣದ ಲೆಕ್ಕ ನೂರು ಮಿಲಿಸೀವರ್ಟ್ ಮುಟ್ಟಿದರೆ ಹಸಿರು. ಐನೂರಕ್ಕೆ ನೀಲಿ. ಸಾವಿರ ದಾಟಿದರೆ ಕಪ್ಪು. ಬಿಲ್ಲೆಯನ್ನು ಬಿಟ್ಟು ಹೋಗಬಹುದು, ಚರ್ಮವನ್ನು ಬಿಟ್ಟು ಹೋಗಲಾಗದು.

ನೆಲವಡಿ ಕಾಲೊನಿಯ ಜನ ಅದಕ್ಕೂ ಹೊಂದಿಕೊಂಡಿದ್ದರು. ಸಂಬಂಧ ಕುದುರಿಸಲು ಬಂದವರು ಜಾತಕ ಕೇಳುವ ಮೊದಲು ಹುಡುಗನ ಮುಂಗೈ ನೋಡುತ್ತಿದ್ದರು. ಹಸಿರಾದವರು ಬೇಸಿಗೆಯಲ್ಲೂ ತುಂಬುತೋಳಿನ ಅಂಗಿ ಹಾಕುತ್ತಿದ್ದರು. ಹುಲಿಗೆವ್ವ ಗೇಟಿನಲ್ಲಿ ಕುಳಿತು ಹಚ್ಚೆ ಹಾಕುತ್ತಿದ್ದಳು, ಅದರ ಬಣ್ಣ ಓದುತ್ತಿದ್ದಳು. ಓದಿದ ಬಣ್ಣವನ್ನು ಮೈಕಿನಲ್ಲಿ ಕಂಟ್ರೋಲ್ ರೂಮಿಗೆ ಜೋರಾಗಿ ಹೇಳಬೇಕು. ಅವಳ ಬಾಯಿಂದ ಬಂದ ಬಣ್ಣವೇ ಕೊನೆಯ ಮಾತು.

ಮೊದಲ ಹಚ್ಚೆಯನ್ನು ಅವಳು ತನ್ನ ಮುಂಗೈಗೇ ಹಾಕಿಕೊಂಡಿದ್ದಳು, ಮಾನಪ್ಪನದು ಎರಡನೆಯದು. ಆಗ ಅವನಿಗೆ ಮೂವತ್ತೈದು, ಅವಳಿಗೆ ಇಪ್ಪತ್ತೇಳು. "ಸರ್ಕಾರಿ ಗುಂಡನ ಚಿತ್ರ ಯಾಕ್ರಿ, ಒಂದು ಚೇಳು ಹಾಕ್ರಿ" ಎಂದಿದ್ದ. ಚೇಳು ಹಾಕಲಿಲ್ಲ. ಆದರೆ ನಲವತ್ತು ನಿಮಿಷ ಆ ಕೈ ಹಿಡಿದು ಕುಳಿತವಳು ವೃತ್ತದೊಳಗೆ ಅಡ್ಡಡ್ಡ ಎರಡು ಗೆರೆ ಎಳೆದು ಅದನ್ನು ವಾಲ್ವಿನ ಚಕ್ರ ಮಾಡಿಬಿಟ್ಟಳು. ಮೇಲಿನವರಿಂದ ಬೈಗುಳ ಬಂತು. ಮರುವರ್ಷ ಮದುವೆಯಾಯಿತು.

ಭೂಮಿ ಅಲುಗಿದ್ದು ಮಂಗಳವಾರ ಬೆಳಿಗ್ಗೆ, ಹನ್ನೊಂದು ಸೆಕೆಂಡು. ರಿಯಾಕ್ಟರು ತಾನಾಗಿಯೇ ನಿಂತಿತು. ಕೆಟ್ಟದ್ದು ಅದರ ಪಕ್ಕದ ಕಟ್ಟಡದಲ್ಲಿ. ಅಲ್ಲಿ ಹನ್ನೆರಡು ಮೀಟರ್ ಆಳದ ಕೊಳದಲ್ಲಿ, ಉರಿದು ಮುಗಿದ ಇಂಧನದ ಸರಳುಗಳು ನೀರಿನಡಿ ಇದ್ದವು. ಆ ನೀರಿಗೆ ಎರಡು ಕೆಲಸ. ಸರಳುಗಳನ್ನು ತಂಪಾಗಿಡುವುದು, ಅವುಗಳ ವಿಕಿರಣವನ್ನು ತಡೆಯುವುದು. ಕೊಳದ ತಳದಿಂದ ಹೊರಡುವ ಕೊಳವೆ ಬಿರುಕುಬಿಟ್ಟು ನೀರು ಹೊರಹೋಗತೊಡಗಿತು. ಅದನ್ನು ನಿಲ್ಲಿಸುವ ವಾಲ್ವಿನ ಮೋಟಾರು ಸುಟ್ಟುಹೋಗಿತ್ತು. ಉಳಿದದ್ದು ಕೊಳದ ದಂಡೆಯ ಮೇಲಿನ ಕೈಚಕ್ರ. ಪೂರ್ತಿ ಮುಚ್ಚಲು ನೂರಾ ಎಂಬತ್ತು ಸುತ್ತು.

ಮೊದಲು ಕಳಿಸಿದ ರೋಬೋಟು ಮೆಟ್ಟಿಲಿನಲ್ಲಿ ಸಿಕ್ಕಿಕೊಂಡಿತು. ಎರಡನೆಯದು ದಂಡೆ ಮುಟ್ಟಿತು, ಆದರೆ ವಿಕಿರಣಕ್ಕೆ ಅದರ ಕ್ಯಾಮೆರಾ ಬೆಳ್ಳಗಾಗಿ ಅಲ್ಲೇ ನಿಂತಿತು. ಮಂಗಳವಾರ ಸಂಜೆಯೊಳಗೆ ಸುತ್ತಲ ಹಳ್ಳಿಗಳ ಜನ, ಕಾಲೊನಿಯ ಮಕ್ಕಳು ಬಸ್ಸುಗಳಲ್ಲಿ ಹೊರಟುಹೋದರು. ಬುಧವಾರ ಬೆಳಿಗ್ಗೆ ಮಾನಪ್ಪನೂ ಸೇರಿ ಹದಿನೆಂಟು ಜನ ನಿವೃತ್ತ ಫಿಟ್ಟರುಗಳು, ಯಾರೂ ಕರೆಯದೆಯೇ, ಊಟದ ಡಬ್ಬಿ ಹಿಡಿದು ಗೇಟಿಗೆ ಬಂದು ಸಾಲಾಗಿ ನಿಂತರು.

ಪಾಳಿಯ ಮುಖ್ಯಸ್ಥ ಇಂಗಳಗಿ ಹೊರಗೆ ಬಂದ. ನಲವತ್ತೆರಡರ ಎಂಜಿನಿಯರು, ಎರಡು ದಿನದಿಂದ ಗಡ್ಡ ಮಾಡಿರಲಿಲ್ಲ. "ನೀವೆಲ್ಲಾ ಯಾಕ ಬಂದ್ರಿ ಕಾಕಾ? ಒಳಗ ನಮ್ಮ ಹುಡುಗ್ರು ಅದಾರ."

"ಅದಕ್ಕ ಬಂದೇವಿ" ಎಂದ ದಸ್ತಗೀರ. "ಕ್ಯಾನ್ಸರ್ ಬರಾಕ ಇಪ್ಪತ್ತು ವರ್ಷ ಹಿಡೀತೈತಂತ. ನನಗ ಈಗ ಎಪ್ಪತ್ತು. ಅದು ಬಂದು ಬಾಗ್ಲಾ ತಟ್ಟೂದ್ರಾಗ ನಾ ಮನ್ಯಾಗ ಇರೂದಿಲ್ಲ."

ದಂಡೆಯ ಮೇಲೆ ಆಗ ನಿಮಿಷಕ್ಕೆ ನೂರಾ ಅರವತ್ತೇಳು ಮಿಲಿಸೀವರ್ಟ್. ಮೈತುಂಬ ಹಾಕುವ ಬಿಳಿ ಉಡುಪು ಧೂಳನ್ನು ತಡೆಯುತ್ತದೆ, ಕಿರಣಗಳನ್ನಲ್ಲ. ಒಬ್ಬೊಬ್ಬರಿಗೆ ಚಕ್ರದ ಬಳಿ ಎರಡೇ ನಿಮಿಷ, ಹತ್ತು ಸುತ್ತು. ಓಡಿಹೋಗಬೇಕು, ತಿರುಗಿಸಬೇಕು, ಓಡಿಬರಬೇಕು. ಎಷ್ಟು ಮುಚ್ಚಿದೆಯೆಂದು ತೋರಿಸುವ ಮುಳ್ಳು ಕೆಟ್ಟಿದ್ದರಿಂದ ಪ್ರತಿಯೊಬ್ಬರೂ ಹೊರಬಂದು ತಮ್ಮ ಲೆಕ್ಕ ಹೇಳಬೇಕು. ಹುಲಿಗೆವ್ವ ಹೋಗುವಾಗ ಒಮ್ಮೆ, ಬರುವಾಗ ಒಮ್ಮೆ ಮುಂಗೈ ಓದಿದಳು. ಹೋಗುವಾಗ ಹಸಿರು. ಬರುವಾಗ ನೀಲಿ. ಮೊದಲು ಹೋದವನು ಮಾನಪ್ಪ.

"ಹತ್ತು" ಎಂದ ಅವನು, ಹೊರಬಂದು.

"ನೀಲಿ" ಎಂದಳು ಅವಳು ಮೈಕಿಗೆ. ಅವನ ಕೈಯನ್ನು ಬೇರೆಯವರ ಕೈಗಿಂತ ಒಂದು ಗಳಿಗೆ ಹೆಚ್ಚು ಹಿಡಿದಳು. ಅದು ಯಾರ ಗಮನಕ್ಕೂ ಬರಲಿಲ್ಲ.

ಕೊನೆಯವನಾಗಿ ಹೋದ ದಸ್ತಗೀರ ಮೂರೇ ಬೆರಳಿನ ಕೈಯಲ್ಲಿ ಹತ್ತು ಸುತ್ತು ಮುಗಿಸಿ ಬಂದಾಗ ಮಧ್ಯಾಹ್ನ ಮೂರೂಮುಕ್ಕಾಲು. ನೂರಾ ಎಂಬತ್ತು. ಕಂಟ್ರೋಲ್ ರೂಮಿನಲ್ಲಿ ಜನ ಕುರ್ಚಿಗೊರಗಿ ಕಣ್ಣು ಮುಚ್ಚಿದರು. ತಾತ್ಕಾಲಿಕ ಪಂಪುಗಳು ಕೊಳಕ್ಕೆ ನೀರು ತುಂಬುತ್ತಲೇ ಇದ್ದವು. ಇನ್ನು ಮಟ್ಟ ಏರಬೇಕು.

ಏರಲಿಲ್ಲ. ಬುಧವಾರ ಸಂಜೆಯಿಂದ ಗುರುವಾರ ಬೆಳಗಿನವರೆಗೆ ಪ್ರತಿ ಗಂಟೆಗೆ ನಾಲ್ಕು ಸೆಂಟಿಮೀಟರು ಇಳಿಯಿತು. ಕೊಳದ ಗೋಡೆಯಲ್ಲೇ ಎಲ್ಲೋ ಬಿರುಕು ಇರಬೇಕೆಂದು ಎಂಜಿನಿಯರುಗಳು ನಕ್ಷೆ ಹರಡಿಕೊಂಡು ಹುಡುಕತೊಡಗಿದರು. ನೀರು ಇಳಿದಷ್ಟೂ ದಂಡೆಯ ಮೇಲಿನ ವಿಕಿರಣ ಏರುತ್ತಿತ್ತು. ಗುರುವಾರ ಮಧ್ಯಾಹ್ನ ಮೂರರ ನಂತರ ಅಲ್ಲಿ ಮನುಷ್ಯರು ಕಾಲಿಡುವಂತಿಲ್ಲ, ಆಮೇಲೆ ಸರಳುಗಳು ಗಾಳಿಗೆ ತೆರೆದುಕೊಂಡರೆ ಕೃಷ್ಣೆಯ ಕೆಳದಂಡೆಯಲ್ಲಿ ಎಷ್ಟು ಊರು ಖಾಲಿ ಮಾಡಿಸಬೇಕೋ ಯಾರಿಗೂ ಗೊತ್ತಿಲ್ಲ ಎಂದು ಇಂಗಳಗಿ ಹೇಳಿದ.

ಗುರುವಾರ ಬೆಳಿಗ್ಗೆ ಏಳಕ್ಕೆ ಹುಲಿಗೆವ್ವನಿಗೆ ಎರಡು ಗಂಟೆ ಬಿಡುವು ಕೊಟ್ಟರು. ಕೇಂದ್ರದಿಂದ ಆರು ಕಿಲೋಮೀಟರು ದೂರದ ಕಾಲೊನಿಯಲ್ಲಿ ಬೀದಿಗಳು ಬಿಕೋ ಎನ್ನುತ್ತಿದ್ದವು. ಮಾನಪ್ಪ ಮನೆಯಲ್ಲೇ ಇದ್ದ. ರಾತ್ರಿ ಒಮ್ಮೆ ವಾಂತಿಯಾಗಿತ್ತು, ಈಗ ಹಸಿವು ಎಂದ. ಅವಳು ಜೋಳದ ಹಿಟ್ಟು ನಾದಿದಳು. ಅವನು ಬಚ್ಚಲಿಗೆ ಹೋಗಿ ಮುಖ ತೊಳೆದು ಬಂದು, ಎರಡು ರೊಟ್ಟಿ ತಿಂದು ಕಟ್ಟೆಯ ಮೇಲೆ ಅಡ್ಡಾದ. ನಿಮಿಷದೊಳಗೆ ಗೊರಕೆ.

ಬಚ್ಚಲದಿಂದ ಹನಿಯ ಸದ್ದು ಬರುತ್ತಿತ್ತು. ಟಪ್. ಟಪ್.

"ನೆಟ್ಟಗ ಬಂದ್ ಮಾಡಬಾರದ" ಎಂದು ಅಭ್ಯಾಸಬಲದಿಂದ ಗೊಣಗಿದವಳು, ರೊಟ್ಟಿ ಬಡಿಯುತ್ತಿದ್ದ ಕೈಯನ್ನು ಹಾಗೇ ನಿಲ್ಲಿಸಿದಳು.

ನಿನ್ನೆ ಅವನು ಚಕ್ರ ಬಿಡುವಾಗಲೂ ಹೀಗೇ ಬಿಟ್ಟಿರುತ್ತಾನೆ. ದಸ್ತಗೀರನೂ. ಉಳಿದ ಹದಿನೇಳು ಜನರೂ ಇವನಿಂದ ಕಲಿತವರು. ಪ್ರತಿಯೊಬ್ಬರೂ ಮುಂದಕ್ಕೆ ತಿರುಗಿಸಿದ ಹತ್ತನ್ನು ಎಣಿಸಿದರು. ಹಿಂದಕ್ಕೆ ಕೊಟ್ಟದ್ದನ್ನು ಯಾರೂ ಎಣಿಸಲಿಲ್ಲ, ಅದು ಅವರ ಪಾಲಿಗೆ ಎಣಿಸುವಂಥದ್ದೇ ಅಲ್ಲ. ಹದಿನೆಂಟು ಕಾಲು. ನಾಲ್ಕೂವರೆ ಸುತ್ತು.

ಗೋಡೆಯಲ್ಲಿ ಬಿರುಕಿರಲಿಲ್ಲ. ವಾಲ್ವ್ ಇನ್ನೂ ನಾಲ್ಕೂವರೆ ಸುತ್ತು ತೆರೆದಿತ್ತು.

ಹೆಂಚಿನ ಮೇಲಿನ ರೊಟ್ಟಿ ಕರಕಾಯಿತು. ಅವಳು ಒಲೆ ಆರಿಸಿ ಗಂಡನ ಮುಖ ನೋಡಿದಳು. ಇದನ್ನು ಹೇಳಿದರೆ ಮುಂದೇನಾಗುತ್ತದೆಂದು ಅವಳಿಗೆ ಲೆಕ್ಕದಷ್ಟೇ ಸ್ಪಷ್ಟವಾಗಿ ಕಾಣುತ್ತಿತ್ತು. ಇಂಗಳಗಿಗೆ ನೇರವಾಗಿ ಫೋನ್ ಮಾಡಿದರೂ ಅವನು ಮೊದಲು ಕೇಳುವುದು ಮೇಸ್ತ್ರಿಯನ್ನೇ. ಮೇಸ್ತ್ರಿ ಇನ್ನೊಬ್ಬರನ್ನು ಕಳಿಸುವವನಲ್ಲ. ಹೇಳದಿದ್ದರೆ? ಎಂಜಿನಿಯರುಗಳು ಮೂರು ಗಂಟೆಯವರೆಗೂ ಗೋಡೆ ಹುಡುಕುತ್ತಾರೆ. ಆಮೇಲೆ ಇವರಿಬ್ಬರೂ ಬಸ್ಸು ಹತ್ತಿ ದೂರ ಹೋಗಬಹುದು. ನೀಲಿ ಮುಂಗೈಯಲ್ಲೂ ಮನುಷ್ಯ ಇಪ್ಪತ್ತು ವರ್ಷ ಬದುಕುತ್ತಾನೆ.

ಅವಳು ಗಡಿಯಾರ ನೋಡಿದಳು. ಏಳು ಐವತ್ತು. ಎದ್ದು ಅವನ ಕಾಲಮೇಲೆ ಚಾದರ ಎಳೆದು ಪಕ್ಕದಲ್ಲಿ ಕುಳಿತಳು. ಎಂಟೂ ಹತ್ತಕ್ಕೆ ಭುಜ ಮುಟ್ಟಿದಳು.

"ಏನ್ರೀ, ಏಳ್ರಿ. ನಿನ್ನೆ ಚಕ್ರ ಬಿಡೂ ಮುಂದ ಕಾಲು ಸುತ್ತು ಹಿಂದಕ್ಕ ಕೊಟ್ರೇನು?"

ಅವನು ಕಣ್ಣುಜ್ಜಿಕೊಂಡ. "ಯಾವ ಚಕ್ರ ಬಿಟ್ರೂ ಕೊಡ್ತೇನಿ. ಯಾಕ?"

ಅವಳು ಬಚ್ಚಲದ ಕಡೆ ನೋಡಿದಳು. ಅವನೂ ಕಿವಿಗೊಟ್ಟ. ಎರಡು ಹನಿ ಬೀಳುವಷ್ಟು ಹೊತ್ತು ಹಿಡಿಯಿತು. ಆಮೇಲೆ ಅವನು ತನ್ನ ಬಲಗೈಯನ್ನು, ಯಾರದೋ ಕೈ ಎಂಬಂತೆ, ಮುಂದೆ ಚಾಚಿ ನೋಡಿಕೊಂಡ.

"ಅಯ್ಯ ನನ್ನ ಶಿವನ" ಎಂದ ಮೆಲ್ಲಗೆ. "ಎಲ್ಲಾರಿಗೂ ನಾನ ಕಲಿಸೇನಿ."

ಗೇಟಿನ ಬಳಿ ಇಂಗಳಗಿಗೆ ವಿಷಯ ತಿಳಿಯಲು ಅರ್ಧ ನಿಮಿಷವೂ ಬೇಕಾಗಲಿಲ್ಲ. ಅವನ ಹಿಂದೆ ಅರಿಸಿನ ಬಣ್ಣದ ಮುಂಗೈಯ ಹತ್ತಾರು ತರುಣರು ನಿಂತಿದ್ದರು. "ಇವ್ರನ್ನ ಕಳಿಸ್ತೀನಿ" ಎಂದ. "ನಾಲ್ಕೂವರೆ ಸುತ್ತಿಗೆ ಎಷ್ಟು ಮಂದಿ ಬೇಕಾದೀತು?"

"ದಂಡಿ ಮ್ಯಾಲೆ ಈಗ ಎಷ್ಟೈತಿ?" ಎಂದು ಕೇಳಿದ ಮಾನಪ್ಪ.

"ನಿಮಿಷಕ್ಕ ಆರನೂರು."

"ಅಂದ್ರ ಐನೂರು ದಾಟಬಾರದಂದ್ರ ಒಬ್ಬಗ ಐವತ್ತು ಸೆಕೆಂಡು. ದಂಡಿ ಮ್ಯಾಲೆ ಹೋಗಿ ಬರಾಕ ನಲವತ್ತು. ಚಕ್ರದ ಮ್ಯಾಲೆ ಹತ್ತು ಸೆಕೆಂಡು. ಕೊನೀ ಸುತ್ತು ಬಾಳ ಬಿಗಿ ಇರ್ತಾವ, ಸಾಹೇಬ್ರ. ಹತ್ತು ಸೆಕೆಂಡಿನ್ಯಾಗ ಅದು ಜಗ್ಗೂದಿಲ್ಲ. ಮೂವತ್ತು ಹುಡುಗ್ರ ಕೈ ನೀಲಿ ಮಾಡ್ತೀರಿ, ಆದ್ರೂ ಮುಚ್ಚೂದಿಲ್ಲ." ಅವನು ಕೈಗವಸು ಎಳೆದುಕೊಳ್ಳತೊಡಗಿದ್ದ. "ಮತ್ತ ಲೆಕ್ಕಾನೂ ಈಗ ಖರೇ ಇಲ್ಲ. ನಾಲ್ಕೂವರಿ ಇರಬೇಕು, ಐದೂ ಇರಬೇಕು. ವಾಲ್ವಿನ ಒಳಗಿನ ಬಾಗ್ಲಾ ತನ್ನ ಜಾಗಾದಾಗ ಕುಂತಿದ್ದು ಕೈಗೇ ಗೊತ್ತಾಗಬೇಕು. ಆ ವಾಲ್ವ್ ಕುಂದ್ರಿಸಿದಾಂವ ನಾ."

"ನಾನೂ ಬರ್ತೀನಿ" ಎಂದ ದಸ್ತಗೀರ.

"ನೀ ಬಂದು ಮತ್ತ ಹಿಂದಕ್ಕ ತಿರುವ್ತೀಯಲೇ. ಇಲ್ಲೇ ಕುಂದ್ರು. ನನ್ನ ಡಬ್ಬಿ ಕಾಯಿ."

ದಸ್ತಗೀರ ಡಬ್ಬಿ ಈಸಿಕೊಂಡ. ಮುಚ್ಚಳ ತಟ್ಟಿ ನೋಡಿದ. "ಏನೈತಿ ಇದರಾಗ?"

"ಕರಕ ರೊಟ್ಟಿ. ಈಕೀ ಇವತ್ತ ಅಡಗಿ ಮ್ಯಾಲೆ ಲಕ್ಷ್ಯ ಇಟ್ಟಿಲ್ಲ."

ಮಾನಪ್ಪ ಬಂದು ಹುಲಿಗೆವ್ವನ ಮೇಜಿನ ಮೇಲೆ ಮುಂಗೈ ಇಟ್ಟ. ನೀಲಿಯಾದವರು ಒಳಗೆ ಹೋಗುವಂತಿಲ್ಲ, ಅದು ನಿಯಮ. ಬುಧವಾರದ ನೀಲಿ ಇನ್ನೂ ಹೊಸದು, ಹಸಿರಿನ ಅಂಚು ಅಲ್ಲಲ್ಲಿ ಉಳಿದಿತ್ತು. ನಿನ್ನೆ ಓದಿದ್ದು ತಪ್ಪು, ಇನ್ನೂ ಹಸಿರೇ ಅಂದರೂ ಸುಳ್ಳೆಂದು ಯಾರೂ ಹೇಳುವಂತಿರಲಿಲ್ಲ.

"ಇದ್ದದ್ದು ಇದ್ದಾಂಗ ಹೇಳು" ಎಂದ ಅವನು.

ಅವಳು ಮೈಕಿನ ಗುಂಡಿ ಒತ್ತಿದಳು. "ಮಾನಪ್ಪ, ಫಿಟ್ಟರು. ನೀಲಿ."

ಮಾತು ಮುಗಿದ ಮೇಲೂ ಅವಳ ಬೆರಳು ಗುಂಡಿಯ ಮೇಲೆಯೇ ಇತ್ತು. ಇಂಗಳಗಿ ಮೈಕಿನತ್ತ ಬಾಗಿ, ಒಂದೊಂದೇ ಪದ ಬಿಡಿಸಿ ಹೇಳಿದ: "ನಿಯಮ ನಾನು ಮುರಿಯುತ್ತಿದ್ದೇನೆ. ನನ್ನ ಹೆಸರಿಗೆ ಬರೆದುಕೊಳ್ಳಿ."

ಒಂಬತ್ತೂ ಐದಕ್ಕೆ ಮಾನಪ್ಪ ಉಕ್ಕಿನ ಸನ್ನೆಕೋಲು ಹೆಗಲಿಗಿಟ್ಟುಕೊಂಡು ಒಳಗೆ ಹೋದ. ಗೇಟಿನ ಸ್ಪೀಕರಿನಲ್ಲಿ ಅವನ ಉಸಿರು ಕೇಳುತ್ತಿತ್ತು. ಮೆಟ್ಟಿಲು. ದಂಡೆ. ಲೋಹಕ್ಕೆ ಲೋಹ ತಾಗಿದ ಸದ್ದು. "ಒಂದು" ಎಂದ. ಬಹಳ ಹೊತ್ತಿನ ಮೇಲೆ, "ಎರಡು." ಮೂರಕ್ಕೆ ಬರುವಾಗ ಅವನು ಕೆಮ್ಮಿದ. ಎಲ್ಲರೂ ಗೋಡೆಯ ಗಡಿಯಾರ ನೋಡುತ್ತಿದ್ದರು, ಹುಲಿಗೆವ್ವ ಮಾತ್ರ ತನ್ನ ಮುಂಗೈ ನೋಡಿಕೊಂಡು ಕುಳಿತಿದ್ದಳು.

"ನಾಲ್ಕು. ಇನ್ನೂ ಕುಂತಿಲ್ಲ."

ಆಮೇಲೆ ಬರೀ ಉಸಿರು.

"ಕುಂತತು" ಎಂದಿತು ಸ್ಪೀಕರು. "ಹುಲಿಗೀ, ಕೇಳಾಕತ್ತೀಯೇನು? ಕುಂತತು. ಹಿಂದಕ್ಕ ಕೊಟ್ಟಿಲ್ಲ."

ಆರು ನಿಮಿಷ ಐವತ್ತು ಸೆಕೆಂಡು. ಹೊರಬಂದವನ ಮೈ ಮೂರು ಸಲ ತೊಳೆದರು. ಕೈಗವಸು ಕಳಚಿದಾಗ ವೃತ್ತ, ಅಡ್ಡಗೆರೆ ಒಂದಾಗಿ ಬೆರೆತು ಅವಳ ಅಜ್ಜಿಯ ಮಸಿಯಂತೆ ಕಪ್ಪಾಗಿತ್ತು. ಅವಳು ಅದನ್ನೂ ಓದಿದಳು. ಹತ್ತೂವರೆಗೆ ಕಂಟ್ರೋಲ್ ರೂಮಿನಿಂದ ಸುದ್ದಿ ಬಂತು. ನೀರು ಎರಡು ಸೆಂಟಿಮೀಟರು ಏರಿದೆ.

ಮಾನಪ್ಪ ತೆಗೆದುಕೊಂಡದ್ದು ಎರಡು ದಿನ ಸೇರಿ ಸುಮಾರು ನಾಲ್ಕೂವರೆ ಸಾವಿರ ಮಿಲಿಸೀವರ್ಟ್. ವೈದ್ಯೆ ಮುಚ್ಚುಮರೆ ಮಾಡಲಿಲ್ಲ. ಮೂಳೆಯೊಳಗಿನ ಮಜ್ಜೆ ಹೊಸ ರಕ್ತ ಮಾಡುವುದನ್ನು ನಿಲ್ಲಿಸುತ್ತದೆ, ಆದರೆ ಹಳೆಯ ರಕ್ತ ಇರುವವರೆಗೆ ಕೆಲವು ದಿನ ಮನುಷ್ಯ ಚೆನ್ನಾಗಿಯೇ ಇರುತ್ತಾನೆ. ಆ ದಿನಗಳನ್ನು ಎಲ್ಲಿ ಕಳೆಯುತ್ತೀರಿ ಎಂದು ಕೇಳಿದಳು. "ಮನ್ಯಾಗ" ಎಂದ ಮಾನಪ್ಪ. ದಿನವೂ ರಕ್ತ ಪರೀಕ್ಷೆಗೆ ಕೊಡಬೇಕು, ರಕ್ತದ ಬಿಳಿಕಣ ತೀರ ಇಳಿದ ದಿನ ಆಸ್ಪತ್ರೆಯ ಗಾಡಿ ಬರುತ್ತದೆ ಎಂಬ ಕರಾರಿನ ಮೇಲೆ ಕಳಿಸಿದರು.

ಎಂಟು ದಿನ ಸಿಕ್ಕವು. ಕಾಲೊನಿಗೆ ಜನ ಮರಳತೊಡಗಿದ್ದರು. ನೋಡಲು ಬಂದವರು ಮನೆಯ ಗೇಟಿನಾಚೆಯೇ ನಿಂತು ಕೈಮುಗಿಯುತ್ತಿದ್ದರು. ಕೊಟ್ಟ ಚಹಾ ಮುಟ್ಟುತ್ತಿರಲಿಲ್ಲ. ಮೂರನೆಯ ದಿನ ಹುಲಿಗೆವ್ವ ಸೀರೆಯ ಸೆರಗು ಸರಿಸಿ ತನ್ನ ಮುಂಗೈಯನ್ನು ಅವರ ಮುಖದ ಮುಂದೆ ಹಿಡಿದಳು. ಅಂಚಿನಲ್ಲೂ ಹಸಿರಿಲ್ಲದ ಅಚ್ಚ ಅರಿಸಿನ.

"ಮೂರು ದಿನಾತು, ಇವ್ರ ಮಗ್ಗಲಾಗ ಮಲಗೇನಿ. ಇವ್ರ ತಾಟಿನ್ಯಾಗ ಉಂಡೇನಿ. ಕಿರಣ ಇವ್ರ ಮೈ ಹಾಯ್ದು ಹೋಗ್ಯಾವ, ಒಳಗ ಉಳಿದಿಲ್ಲ. ಬಣ್ಣ ಸುಳ್ಳು ಹೇಳೂದಿಲ್ಲ, ನೋಡ್ರಿ."

ಮೊದಲು ಒಳಗೆ ಬಂದು ಚಹಾ ಕುಡಿದವರು ಇಂಗಳಗಿಯ ತಾಯಿ. ಮರುದಿನದಿಂದ ಕಟ್ಟೆಯ ಮೇಲೆ ಜಾಗ ಸಾಲಲಿಲ್ಲ. ದಸ್ತಗೀರ ಬೆಳಿಗ್ಗೆ ಬಂದವನು ಸಂಜೆಯವರೆಗೂ ಇರುತ್ತಿದ್ದ. ಇಸ್ಪೀಟಿನಲ್ಲಿ ಮಾನಪ್ಪ ಗೆದ್ದರೆ ಮೋಸ ಅನ್ನುತ್ತಿದ್ದ, ಸೋತರೆ ದಯೆ ತೋರಿಸಬೇಡ ಎಂದು ಸಿಟ್ಟಾಗುತ್ತಿದ್ದ.

ಏಳನೆಯ ದಿನ ಮಾನಪ್ಪನ ಒಸಡಿನಲ್ಲಿ ರಕ್ತ ಕಾಣಿಸಿತು. ಆ ಮಧ್ಯಾಹ್ನ ಹುಲಿಗೆವ್ವ ಅವನ ತಲೆಗೆ ಎಣ್ಣೆ ಹಚ್ಚುತ್ತ, ಕೈಗೆ ಬಂದ ಕೂದಲನ್ನು ಅವನಿಗೆ ಕಾಣದಂತೆ ಮಡಿಲಲ್ಲಿ ಹಾಕಿಕೊಳ್ಳುತ್ತ ಹೇಳಿದಳು: "ಆವತ್ತ ಗೊತ್ತಾದ ಮ್ಯಾಲೂ ಇಪ್ಪತ್ತು ನಿಮಿಷ ನಿಮ್ಮನ್ನ ಎಬ್ಬಿಸ್ಲಿಲ್ಲ. ಅಷ್ಟೊತ್ತಿನ್ಯಾಗ ನೀರು ಸೆಂಟಿಮೀಟರಿನ ಮ್ಯಾಲ ಇಳಿದಿತ್ತು. ಲೆಕ್ಕ ಹಾಕೇನಿ."

ಅವನು ಕಣ್ಣು ಮುಚ್ಚಿಕೊಂಡೇ ಇದ್ದ. "ಅದಕ್ಕ ಅಷ್ಟು ಚಲೋ ನಿದ್ದಿ ಬಂದಿತ್ತು" ಎಂದ. ಆಮೇಲೆ ಅವಳ ಮೊಣಕಾಲು ತಟ್ಟಿ, "ಎಬ್ಬಿಸಿದೆಲ್ಲ, ಅದು ದೊಡ್ಡದು. ನಿನ್ನ ಜಾಗಾದಾಗ ನಾ ಇದ್ರ ಎಬ್ಬಿಸ್ತಿದ್ನೋ ಇಲ್ಲೋ."

ಮರುದಿನ ಬೆಳಿಗ್ಗೆ ಹತ್ತಕ್ಕೆ ಆಸ್ಪತ್ರೆಯ ಗಾಡಿ ಬಂತು. ಹೋದಲ್ಲಿ ಗಾಜಿನ ಕೋಣೆ, ಸೋಂಕು ತಗಲಬಾರದೆಂದು ಯಾರೂ ಮುಟ್ಟುವಂತಿಲ್ಲ. ಮಾನಪ್ಪ ಹೊಸ ಅಂಗಿ ಹಾಕಿಕೊಂಡು, ಕೈತೊಳೆದು ಬರುತ್ತೇನೆಂದು ಬಚ್ಚಲಿಗೆ ಹೋದ. ಅವಳು ಚೀಲ ಹಿಡಿದು ಕಾದಳು. ನೀರಿನ ಸದ್ದು ನಿಂತಿತು. ಹನಿ ಬೀಳುವ ಸದ್ದು ಬರಲಿಲ್ಲ.

ಹೋಗಿ ನೋಡಿದರೆ ಅವನು ನಳದ ಮುಂದೆ ನಿಂತು ನಗುತ್ತಿದ್ದ. "ನೋಡು. ಪೂರ್ತಿ ಬಂದ್ ಮಾಡೇನಿ. ಮೂವತ್ತೊಂದು ವರ್ಷದಿಂದ ಬಾಯಿ ಮಾಡ್ತಿದ್ದೆಲ್ಲ."

ಹುಲಿಗೆವ್ವ ನಳ ಹಿಡಿದು ತಿರುಗಿಸಿ ನೋಡಿದಳು. ಅಲುಗಲಿಲ್ಲ. ಅವಳು ಚೀಲ ಕೆಳಗಿಟ್ಟಳು.

"ನನ್ನ ಕೈಲೆ ಇದು ತೆಗಿಯಾಕ ಆಗೂದಿಲ್ಲ" ಎಂದಳು. "ಮುಂದ ಬರೂವ್ರಿಗೆ ತೆಗಿಯಾಕ ಬರೂ ಹಂಗ ಬಿಡಬೇಕಂತ ನೀವ ಹೇಳಿದ್ದು."

ಅವನ ನಗು ಮೆಲ್ಲಗೆ ಇಳಿಯಿತು. ನಳದ ಮೇಲೆ ಕೈಯಿಟ್ಟ, ಆದರೆ ಬಿಗಿ ಮಾಡುವುದರಲ್ಲೇ ಬೆರಳುಗಳ ಬಲವೆಲ್ಲ ಖರ್ಚಾಗಿತ್ತು. ಅವಳು ಅವನ ಕೈಯ ಮೇಲೆ ತನ್ನ ಕೈ ಇಟ್ಟಳು. ಕಪ್ಪು ಮುಂಗೈ, ಅರಿಸಿನದ ಮುಂಗೈ ಒಂದಕ್ಕೊಂದು ಒತ್ತಿಕೊಂಡು, ಇಬ್ಬರೂ ಸೇರಿ ತಿರುಗಿಸಿದರು. ಹಿಂದಕ್ಕೆ, ಕಾಲು ಸುತ್ತು.

ಹನಿ ತುದಿಯಲ್ಲಿ ಕೂಡಿಕೊಂಡು ತೂಗಿ, ಬಿತ್ತು.

ಹುಲಿಗೆವ್ವ ಅದರ ಕೆಳಗೆ ತಾಮ್ರದ ತಂಬಿಗೆ ಇಟ್ಟಳು. ಆಮೇಲೆ ಅವನ ಕೈ ಹಿಡಿದು ಗಾಡಿಯ ಕಡೆ ನಡೆದಳು.